ಹೆಪ್ಪುಗಟ್ಟಿದ ಮುಚ್ಚಳ: ವಾಹನದ ಫ್ಲ್ಯಾಪುಗಳು, ಚಳಿ ಮತ್ತು ನೀರಿನ ದಾರಿ

ಜತ್ತ ತಾಲೂಕಿನ ವಳಸಂಗದಲ್ಲಿ ಹಿಮ ಬೀಳುವುದಿಲ್ಲ. ಸಾಂಗಲಿ ಜಿಲ್ಲೆಯ ಈ ಬರಸೀಮೆಯಲ್ಲಿ ವಾಹನವನ್ನು ಕಾಡುವುದು ಬಿಸಿಲು ಮತ್ತು ಎರೆಮಣ್ಣಿನ ಧೂಳು. ಹೀಗಿದ್ದೂ ಮಂಜುಗಡ್ಡೆಯ ನಡುವೆ ವಾಹನದ ಮುಚ್ಚಳಗಳು ಹೇಗೆ ತೆರೆದುಕೊಳ್ಳಬೇಕು ಎಂಬ ಪ್ರಶ್ನೆ ಇಲ್ಲಿಗೂ ಬಂದು ಮುಟ್ಟುತ್ತದೆ. ಜತ್ತ, ಕವಠೆ ಮಹಾಂಕಾಳ, ತಾಸಗಾಂವ ಕಡೆಯ ದ್ರಾಕ್ಷಿಯನ್ನು ದೂರದ ಊರಿಗೂ ಬಂದರಿಗೂ ಒಯ್ಯುವ ಶೀತಲ ಗಾಡಿಗಳ ಒಳಗೆ ಫೆಬ್ರುವರಿ, ಮಾರ್ಚ್ ಬಿಸಿಲಿನಲ್ಲೂ ಹಿಮ ಕಟ್ಟುತ್ತದೆ. ಅದೂ ಅಲ್ಲದೆ, ಇಲ್ಲಿಯ ಶೋರೂಮಿನಲ್ಲಿ ನಿಂತ ಕಾರಿನ ಮಾದರಿಯೇ ಶ್ರೀನಗರದಲ್ಲೂ ಲೇಹ್‌ನಲ್ಲೂ ಮಾರಾಟವಾಗುತ್ತದೆ. ಚಾರ್ಜಿಂಗ್ ಕಿಂಡಿಯ ಮುಚ್ಚಳ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಬಾಗಿಲಿನೊಳಗೆ ಅಡಗಿ ಹೊರಬರುವ ಹಿಡಿಕೆ, ರೇಡಿಯೇಟರಿನ ಮುಂದೆ ತೆರೆದು ಮುಚ್ಚುವ ಪಟ್ಟಿಗಳು, ಶೀತಲ ಗಾಡಿಯೊಳಗಿನ ಗಾಳಿತಡೆ ಎಲ್ಲವೂ ಒಂದೇ ಜಾತಿಯವು: ಹಿಂಜಿನ ಮೇಲೆ ತಿರುಗುವ ತೆಳುವಾದ ತುಂಡು, ಅದನ್ನು ಎಳೆಯುವ ಸ್ಪ್ರಿಂಗು ಇಲ್ಲವೇ ಪುಟ್ಟ ಮೋಟಾರು, ಸುತ್ತ ಒಂದು ರಬ್ಬರ್ ಅಂಚು. ಇವನ್ನು ಚಳಿಯಲ್ಲಿ ನೆಚ್ಚುವಂತೆ ಮಾಡುವುದು ಹೇಗೆ ಎಂಬುದಕ್ಕೆ ತಂತ್ರಜ್ಞರಲ್ಲಿ ನಾಲ್ಕು ಬಗೆಯ ಉತ್ತರಗಳಿವೆ: ಬಲ, ಶಾಖ, ಲೇಪ, ಆಕಾರ. ನನ್ನ ವಾದ ಇಷ್ಟು: ಮೊದಲ ಮೂರೂ ಕೊನೆಯದನ್ನು ಆಧರಿಸಿಯೇ ನಿಂತಿವೆ. ನೀರಿಗೆ ಹೊರಹೋಗುವ ದಾರಿ ಇಲ್ಲದ ಮುಚ್ಚಳವನ್ನು ಎಷ್ಟೇ ಬಲದಿಂದ ಎಳೆದರೂ, ಎಷ್ಟೇ ಕಾಯಿಸಿದರೂ ಅದು ಮತ್ತೊಂದು ರಾತ್ರಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆಯ ಹಿಂದಿನ ದಾರಿ

ಈ ಪ್ರಶ್ನೆ ಮೊದಲು ಜೋರಾಗಿ ಎದ್ದದ್ದು ರಸ್ತೆಯಲ್ಲಲ್ಲ, ಆಕಾಶದಲ್ಲಿ. 1930ರ ದಶಕದಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ ವಿಮಾನದ ರೆಕ್ಕೆಯ ಅಂಚಿಗೆ ರಬ್ಬರಿನ ಚೀಲ ತೊಡಿಸಿತು. ಚೀಲಕ್ಕೆ ಗಾಳಿ ಊದಿದಾಗ ಅದು ಉಬ್ಬಿ, ಮೇಲೆ ಕೂತ ಮಂಜುಗಡ್ಡೆ ಒಡೆದು ಉದುರುತ್ತಿತ್ತು. ಇದು ಬಲದ ಮಾರ್ಗ. ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ರೆಕ್ಕೆಯ ಅಂಚಿನಿಂದ ಗ್ಲೈಕಾಲ್ ದ್ರವ ಜಿನುಗಿಸುವ ಪದ್ಧತಿ ಬೆಳೆಯಿತು. ಆಮೇಲೆ ಜೆಟ್ ವಿಮಾನಗಳು ಎಂಜಿನ್ನಿನ ಬಿಸಿಗಾಳಿಯನ್ನೇ ರೆಕ್ಕೆಗೆ ಹರಿಸಿದವು. 1944ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹಿಮದ ಗಾಳಿಸುರಂಗವೊಂದು ಕೆಲಸ ಶುರುಮಾಡಿ, ಇವೆಲ್ಲವನ್ನೂ ಅಳೆದು ನೋಡುವ ಶಾಸ್ತ್ರ ಹುಟ್ಟಿತು.

ಹೆಪ್ಪುಗಟ್ಟಲು ಹೊರಗೆ ಚಳಿ ಇರಲೇಬೇಕೆಂದಿಲ್ಲ ಎಂಬುದನ್ನು ಕಲಿಸಿದ್ದೂ ವಿಮಾನವೇ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗಲೂ ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವಾಗಲೂ ಉಷ್ಣಾಂಶ ಇಪ್ಪತ್ತು ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ ಹಿತವಾದ ಹವೆ ಇದ್ದರೂ ತೇವವಿದ್ದರೆ ಒಳಗಿನ ಥ್ರಾಟಲ್ ಪಟ್ಟಿಯ ಸುತ್ತ ಮಂಜುಗಡ್ಡೆ ಕಟ್ಟುತ್ತದೆ. ಕಾರ್ಬ್ಯುರೇಟರ್ ಇರುವ ಸಣ್ಣ ವಿಮಾನ ಕಲಿಯುವ ಯಾವ ಪೈಲಟ್ಟಿಗೂ, ಅವರು ಬೆಂಗಳೂರಿನ ಸೆಕೆಯಲ್ಲೇ ಕಲಿಯಲಿ, ಬಿಸಿಗಾಳಿ ತಿರುಗಿಸುವ ಹಿಡಿಕೆಯನ್ನು ಯಾವಾಗ ಎಳೆಯಬೇಕೆಂದು ಹೇಳಿಕೊಡುತ್ತಾರೆ. ಹಾಗೆ ಎಳೆದಾಗ ತಿರುಗುವುದೂ ಒಂದು ಫ್ಲ್ಯಾಪೇ ಎಂಬುದನ್ನು ಗಮನಿಸಬೇಕು.

ರಬ್ಬರಿನ ಪಾಠ ಬಹಳ ದುಬಾರಿಯಾಗಿ ಬಂತು. 1986ರ ಜನವರಿ 28ರ ಚಳಿಯ ಬೆಳಿಗ್ಗೆ ಚಾಲೆಂಜರ್ ಗಗನನೌಕೆ ಏಳು ಜನರೊಂದಿಗೆ ನಾಶವಾಯಿತು. ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಸೆಡೆತು, ಬೇಕಾದಷ್ಟು ಬೇಗ ಹಿಗ್ಗಿ ಸಂದನ್ನು ಮುಚ್ಚಲಿಲ್ಲ. ವಿಜ್ಞಾನಿ ರಿಚರ್ಡ್ ಫೈನ್‌ಮನ್ ತನಿಖಾ ಮಂಡಳಿಯ ಎದುರು ಆ ರಬ್ಬರಿನ ತುಂಡನ್ನು ಇಕ್ಕಳದಲ್ಲಿ ಅಮುಕಿ ಐಸ್ ನೀರಿನಲ್ಲಿ ಅದ್ದಿ ತೋರಿಸಿದರು. ಬಿಟ್ಟ ಮೇಲೂ ಅದು ಮೊದಲಿನ ಆಕಾರಕ್ಕೆ ತಟ್ಟನೆ ಮರಳಲಿಲ್ಲ. ಕಾರುಗಳಲ್ಲಿ ಹೆಪ್ಪಿನ ಪ್ರಶ್ನೆ ಬಹುಕಾಲ ಬೀಗದ ತೂತಿಗಷ್ಟೇ ಸೀಮಿತವಾಗಿತ್ತು. ಬೀಗಕ್ಕೆ ಆಲ್ಕೊಹಾಲ್ ಸಿಂಪಡಿಸಿ ಕೈಯಲ್ಲಿ ಜಗ್ಗಿದರೆ ಕೆಲಸ ಮುಗಿಯುತ್ತಿತ್ತು. ಅದು ದೊಡ್ಡದಾದದ್ದು ಎಲೆಕ್ಟ್ರಿಕ್ ಕಾರುಗಳಿಂದ. 2012ರಲ್ಲಿ ಟೆಸ್ಲಾದ ಮಾಡೆಲ್ ಎಸ್ ಬಾಗಿಲೊಳಗೆ ಅಡಗುವ ಹಿಡಿಕೆಯೊಂದಿಗೆ ಬಂತು. ಭಾರತದಲ್ಲಿ 2021ರ ಮಹೀಂದ್ರ ಎಕ್ಸ್‌ಯುವಿ 700, 2024ರ ಟಾಟಾ ಕರ್ವ್ ಅದೇ ಜಾಡು ಹಿಡಿದವು. ಕೈ ಮಾಡುತ್ತಿದ್ದ ಕೆಲಸ ಮೋಟಾರಿನದಾಯಿತು. ಕೈ ಜಗ್ಗಿ, ಅಲುಗಿಸಿ, ತಟ್ಟಿ ನೋಡುತ್ತದೆ. ಮೋಟಾರಿಗೆ ಆ ಉಪಾಯ ತಿಳಿಯದು.

ಹೆಪ್ಪು ಮುಚ್ಚಳವನ್ನು ಹಿಡಿಯುವ ಬಗೆ

ವಾದಗಳನ್ನು ತೂಗುವ ಮೊದಲು ಲೆಕ್ಕ ನೋಡುವುದು ಒಳ್ಳೆಯದು. ಸುತ್ತಳತೆ 60 ಸೆಂಟಿಮೀಟರ್ ಇರುವ ಒಂದು ಚಾರ್ಜಿಂಗ್ ಮುಚ್ಚಳ. ಅದರ ಅಂಚಿನುದ್ದಕ್ಕೂ 3 ಮಿಲಿಮೀಟರ್ ಅಗಲ ಮಂಜುಗಡ್ಡೆ ಅಂಟಿದೆ ಎನ್ನೋಣ. ಅಂಟಿದ ಜಾಗ 18 ಚದರ ಸೆಂಟಿಮೀಟರ್. ಮಂಜುಗಡ್ಡೆ ಅಂಟುವ ಬಲ ಮೇಲ್ಮೈ ಬದಲಾದಂತೆ ಬಹಳ ಏರಿಳಿಯುತ್ತದೆ. ಲೋಹಕ್ಕೆ 500 ಕಿಲೋಪ್ಯಾಸ್ಕಲ್ ಎಂದು ಹಿಡಿದರೆ, ಇಡೀ ಅಂಚನ್ನು ಒಮ್ಮೆಲೇ ಬಿಡಿಸಲು 900 ನ್ಯೂಟನ್, ಅಂದರೆ ಸುಮಾರು 90 ಕಿಲೋ ತೂಕದಷ್ಟು ಬಲ ಬೇಕು. ಮುಚ್ಚಳದ ಹಿಂದಿರುವ ಬೆರಳುದ್ದದ ಮೋಟಾರಿಗೆ ಅದು ಆಗದ ಮಾತು. ಆದರೆ ಮಂಜುಗಡ್ಡೆ ಪೆಡಸು. ಒಂದು ಮೂಲೆಯಲ್ಲಿ ಬಿರುಕು ಬಿಟ್ಟರೆ ಬಿರುಕು ತಾನಾಗಿ ಓಡುತ್ತದೆ. ಅಂಗೈಯಿಂದ ಮುಚ್ಚಳದ ಒಂದು ಬದಿ ತಟ್ಟಿದಾಗ ಅದು ಬಿಡುವುದು ಇದರಿಂದಲೇ. ಒಟ್ಟು ಬಲಕ್ಕಿಂತ ಬಲ ಬೀಳುವ ಜಾಗ ಮುಖ್ಯ.

ಇನ್ನು ನೀರು. 1 ಮಿಲಿಮೀಟರ್ ಸಂದಿಯ ಎರಡು ಗೋಡೆಗಳ ನಡುವೆ ನೀರು ತನ್ನ ಮೇಲ್ಮೈ ಎಳೆತದಿಂದಲೇ ಸುಮಾರು 15 ಮಿಲಿಮೀಟರ್ ಎತ್ತರ ನಿಲ್ಲಬಲ್ಲದು. ಸಂದಿ 4 ಮಿಲಿಮೀಟರ್ ಆದರೆ ಆ ಎತ್ತರ 4ಕ್ಕೂ ಕೆಳಗಿಳಿಯುತ್ತದೆ. ಹಾಗೆಯೇ 2-3 ಮಿಲಿಮೀಟರ್ ವ್ಯಾಸದ ಬಸಿತೂತಿನಲ್ಲಿ ಹನಿ ಸಿಕ್ಕಿಕೊಂಡೇ ಇರುತ್ತದೆ. ತೂತು 6 ಮಿಲಿಮೀಟರ್ ದಾಟಿದರೆ ಸುಲಭವಾಗಿ ಇಳಿದುಹೋಗುತ್ತದೆ. ಸಂದಿ ಕಿರಿದಾದಷ್ಟೂ ಕಾರು ಅಂದವಾಗಿ ಕಾಣುತ್ತದೆ ಎಂಬುದು ಇಂದಿನ ಕಾರಿನ ಸೌಂದರ್ಯಶಾಸ್ತ್ರ. ಆ ಅಂದಕ್ಕಾಗಿ ಕಿರಿದಾದ ಸಂದಿಯೇ ರಾತ್ರಿ ಹೆಪ್ಪುಗಟ್ಟುವ ನೀರಿಗೆ ಮನೆಯಾಗುತ್ತದೆ. ನೀರು ಹೆಪ್ಪಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ಕುಗ್ಗುತ್ತದೆ: 15 ಸೆಂಟಿಮೀಟರಿನ ಪಾಲಿಪ್ರೊಪಿಲೀನ್ ಮುಚ್ಚಳ 50 ಡಿಗ್ರಿ ತಣಿದರೆ ಮುಕ್ಕಾಲು ಮಿಲಿಮೀಟರಿನಷ್ಟು, ಉಕ್ಕಿನದಾದರೆ ಅದರ ಎಂಟನೇ ಒಂದು ಭಾಗದಷ್ಟು. ಎರಡನ್ನೂ ಒಂದೇ ಹಿಂಜಿಗೆ ಕೂಡಿಸಿದವರು ಈ ವ್ಯತ್ಯಾಸಕ್ಕೆ ಜಾಗ ಬಿಡದಿದ್ದರೆ, ಹೆಪ್ಪೇ ಇಲ್ಲದಿದ್ದರೂ ಮುಚ್ಚಳ ಬಿಗಿಯುತ್ತದೆ.

ಬಲವನ್ನು ನಂಬಿದವರು

ಬಲದ ಪಂಥದವರು ಗಟ್ಟಿ ಮೋಟಾರು, ಗೇರಿನ ಹೆಚ್ಚಿನ ಅನುಪಾತ, ಒಂದು ಮೂಲೆಯನ್ನು ಮೊದಲು ಎತ್ತುವ ಕ್ಯಾಮ್ ಇವುಗಳನ್ನು ನೆಚ್ಚುತ್ತಾರೆ. ಇವರಲ್ಲಿ ಮೂಲೆಯನ್ನು ಮೊದಲು ಎತ್ತುವವರದು ಜಾಣತನ. ಮೇಲಿನ ಲೆಕ್ಕವೇ ಅವರ ಪರ ಸಾಕ್ಷಿ. ಒಮ್ಮೆ ಒತ್ತಿ, ಹಿಂದೆ ಸರಿದು, ಮತ್ತೆ ಒತ್ತುವ ಮೋಟಾರಿನ ಕಾರ್ಯಕ್ರಮವೂ ಕೈಯ ಉಪಾಯವನ್ನು ತಕ್ಕಮಟ್ಟಿಗೆ ಅನುಕರಿಸುತ್ತದೆ. ಆದರೆ ಈ ಮಾರ್ಗದಲ್ಲಿ ಎರಡು ತೊಡಕುಗಳಿವೆ. ಹೆಚ್ಚಿನ ಬಲಕ್ಕಾಗಿ ಹಾಕುವ ವರ್ಮ್ ಗೇರು ಹಿಮ್ಮುಖವಾಗಿ ತಿರುಗುವುದಿಲ್ಲ. ಮೋಟಾರು ಕೆಟ್ಟರೆ ಅಥವಾ 12 ವೋಲ್ಟ್ ಬ್ಯಾಟರಿ ಚಳಿಗೆ ಸೊರಗಿದರೆ ಕೈಯಿಂದಲೂ ತೆಗೆಯಲಾಗದು. ಎರಡನೆಯದು ಬೆರಳಿನ ಸುರಕ್ಷತೆ. ಪವರ್ ಕಿಟಕಿಗಳು ತಡೆ ಸಿಕ್ಕಾಗ 100 ನ್ಯೂಟನ್ ದಾಟುವ ಮೊದಲೇ ಹಿಂದೆ ಸರಿಯಬೇಕೆಂಬುದು ಅಂತರರಾಷ್ಟ್ರೀಯ ನಿಯಮಗಳ ಮಿತಿ. ಹಿಡಿಕೆ ಒಳಸರಿಯುವಾಗಲೂ ಇಂಥದೇ ಎಚ್ಚರ ಬೇಕು. ತಡೆಯಾಗಿರುವುದು ಮಗುವಿನ ಬೆರಳೋ ಮಂಜುಗಡ್ಡೆಯೋ ಎಂದು ಮೋಟಾರು ಅಳೆಯುವ ವಿದ್ಯುತ್ ಪ್ರವಾಹ ಹೇಳಲಾರದು.

ಶಾಖವನ್ನು ನಂಬಿದವರು

ಶಾಖದ ಪಂಥದ ಮೇಲೆ ಸಾಮಾನ್ಯವಾಗಿ ಹೊರಿಸುವ ಆರೋಪ, ಅದು ಬ್ಯಾಟರಿಯನ್ನು ತಿನ್ನುತ್ತದೆ ಎಂಬುದು. ಲೆಕ್ಕ ಹಾಕಿದರೆ ಆ ಆರೋಪ ನಿಲ್ಲುವುದಿಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಿಸಲು 334 ಜೂಲ್ ಬೇಕು. ಮೈನಸ್ 20 ಡಿಗ್ರಿಯಲ್ಲಿರುವ 10 ಗ್ರಾಂ ಹೆಪ್ಪನ್ನು ಸೊನ್ನೆಗೆ ತಂದು ಕರಗಿಸಲು ಒಟ್ಟು 3,800 ಜೂಲಿನಷ್ಟು. 20 ವ್ಯಾಟಿನ ಹೀಟರಿಗೆ ಮೂರು ನಿಮಿಷದ ಕೆಲಸ. ಸುತ್ತಲಿನ ಲೋಹಕ್ಕೆ ಸೋರುವ ಶಾಖ ಸೇರಿಸಿ ಐದು ಪಟ್ಟು ಹಿಡಿದರೂ ಸುಮಾರು 5 ವ್ಯಾಟ್-ಗಂಟೆ. 40 ಕಿಲೋವ್ಯಾಟ್-ಗಂಟೆಯ ಕಾರಿಗೆ ಅದು ಲೆಕ್ಕಕ್ಕೇ ಬಾರದು. ಟೆಸ್ಲಾ ತನ್ನ ಕೆಲವು ಕಾರುಗಳ ಚಾರ್ಜಿಂಗ್ ಕಿಂಡಿಗೆ ಹೀಟರ್ ಕೂರಿಸಿದೆ. ಹಿಂದಿನ ಗಾಜಿನ ಹೀಟರ್ ಹಚ್ಚಿದರೆ ಅದೂ ಹಚ್ಚಿಕೊಳ್ಳುತ್ತದೆ. 2025ರ ಜೂನ್ 6ರಂದು ಕತ್ರಾ–ಶ್ರೀನಗರ ನಡುವೆ ಓಡತೊಡಗಿದ ವಂದೇ ಭಾರತ್ ರೈಲಿನಲ್ಲೂ ನೀರಿನ ಟ್ಯಾಂಕಿಗೆ, ಶೌಚಾಲಯದ ಟ್ಯಾಂಕಿಗೆ, ಚಾಲಕನ ಮುಂದಿನ ಗಾಜಿಗೆ ಶಾಖದ ಏರ್ಪಾಡಿದೆ.

ಶಾಖದ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ಕರಗಿದ ಹೆಪ್ಪು ನೀರಾಗಿ ಎಲ್ಲಿಗೋ ಹೋಗಲೇಬೇಕು. ಟ್ಯಾಂಕಿನಲ್ಲಿ ಆ ನೀರು ಅಲ್ಲಿಯೇ ಇರಬೇಕಾದ್ದು, ಹಾಗಾಗಿ ಶಾಖ ಅಲ್ಲಿಗೆ ಪೂರ್ಣ ಉತ್ತರ. ಮುಚ್ಚಳದ ಸಂದಿಯಲ್ಲಿ ಕರಗಿದ ನೀರು ಕೆಳಗಿಳಿದು ಹಿಂಜಿನ ಬುಡದಲ್ಲಿ, ಕೊಂಡಿಯ ತೂತಿನಲ್ಲಿ ನಿಲ್ಲುತ್ತದೆ. ಹೀಟರ್ ಆರಿದ ಮೇಲೆ ಮೊದಲಿಗಿಂತ ಗಟ್ಟಿಯಾಗಿ, ಮೊದಲಿಗಿಂತ ಒಳಗೆ ಹೆಪ್ಪುಗಟ್ಟುತ್ತದೆ. ಹೀಟರ್ ಇಟ್ಟವರು ಅದರ ಕೆಳಗೆ ಬಸಿದಾರಿಯನ್ನೂ ಇಡದಿದ್ದರೆ ತೊಂದರೆಯ ಜಾಗ ಬದಲಾಗುತ್ತದೆ ಅಷ್ಟೆ.

ಲೇಪ ಮತ್ತು ರಬ್ಬರು

ಅಂಟದ ಮೇಲ್ಮೈಯ ಕನಸು ಸುಂದರವಾದದ್ದು. ತಾವರೆ ಎಲೆಯ ಮೇಲ್ಮೈಯನ್ನು ನೋಡಿ ಮಾಡಿದ ಲೇಪಗಳು ಹನಿಯನ್ನು ಉರುಳಿಸುತ್ತವೆ, ಆದರೆ ಗಾಳಿಯ ತೇವ ನೇರವಾಗಿ ಹಿಮವಾದಾಗ ಅದು ಆ ಒರಟು ಗುಳಿಗಳೊಳಗೇ ಬೆಳೆದು ಇನ್ನೂ ಬಿಗಿಯಾಗಿ ಕಚ್ಚುತ್ತದೆ. 2011ರಲ್ಲಿ ಹಾರ್ವರ್ಡಿನ ಜೊವಾನ್ನಾ ಐಜನ್‌ಬರ್ಗ್ ತಂಡ ಕೀಟ ಹಿಡಿಯುವ ಹೂಜಿಗಿಡದಿಂದ ಕಲಿತು, ಎಣ್ಣೆ ಹೀರಿದ ಜಾರುಮೇಲ್ಮೈ ಮಾಡಿತು. ಮಿಶಿಗನ್ ವಿಶ್ವವಿದ್ಯಾಲಯದ ಅನಿಶ್ ತುತೇಜಾ ತಂಡ 2016ರಲ್ಲಿ ಬಾಳಿಕೆಯ ರಬ್ಬರಿನಂಥ ಲೇಪಗಳನ್ನೂ, 2019ರಲ್ಲಿ ಬಿರುಕು ಸುಲಭವಾಗಿ ಓಡುವ ಮೇಲ್ಮೈಗಳನ್ನೂ ಪ್ರಕಟಿಸಿತು. ಈ ಕೊನೆಯದು ನನಗೆ ಅತ್ಯಂತ ಭರವಸೆಯದಾಗಿ ಕಾಣುತ್ತದೆ, ಏಕೆಂದರೆ ಅದು ಹೆಪ್ಪಿನ ಪೆಡಸುತನವನ್ನೇ ಉಪಯೋಗಿಸಿಕೊಳ್ಳುತ್ತದೆ. ಆದರೂ ಎರೆಮಣ್ಣಿನ ಧೂಳು ವರ್ಷಗಟ್ಟಲೆ ತಿಕ್ಕಿದ ಮೇಲೆ, ಕಾರು ತೊಳೆಯುವ ಪೈಪಿನ ನೀರು ಬಡಿದ ಮೇಲೆ ಲೇಪದಲ್ಲಿ ಎಷ್ಟು ಉಳಿದೀತು ಎಂಬುದೇ ಪ್ರಶ್ನೆ. ರಬ್ಬರಿನ ಆಯ್ಕೆಯಲ್ಲಿ ಇಷ್ಟು ಗೊಂದಲವಿಲ್ಲ: ಸಿಲಿಕೋನ್ ಸಾಮಾನ್ಯವಾಗಿ ಮೈನಸ್ 50 ಡಿಗ್ರಿಯವರೆಗೂ ಮೆತ್ತಗಿರುತ್ತದೆ, ಇಪಿಡಿಎಂ ಮೈನಸ್ 40ರವರೆಗೆ ನಡೆಯುತ್ತದೆ, ಅಗ್ಗದ ನೈಟ್ರೈಲಿನ ಕೆಲವು ಬಗೆಗಳು ಮೈನಸ್ 20ರ ಸುಮಾರಿಗೇ ಮರಗಟ್ಟುತ್ತವೆ.

ಆಕಾರವನ್ನು ನಂಬಿದವರು

ನಾಲ್ಕನೆಯ ಪಂಥ ನೀರು ಬಂದ ಮೇಲೆ ಹೋರಾಡುವುದಿಲ್ಲ, ನಿಲ್ಲದಂತೆ ನೋಡಿಕೊಳ್ಳುತ್ತದೆ. ಹಿಂಜು ಮೇಲಿರಲಿ, ಆಗ ಅದರ ಬುಡದಲ್ಲಿ ನೀರು ತಂಗುವುದಿಲ್ಲ. ಹೊರ ಅಂಚಿನ ಸಂದಿ ಅಗಲವಾಗಿರಲಿ, ಒಳಗೆ ಇನ್ನೊಂದು ರಬ್ಬರ್ ಅಂಚು ನಿಜವಾದ ಬಿಗಿತ ಕೊಡಲಿ. ಮನೆಯ ಸೂರಿನ ಹಾಗೆ, ಹೊರಗಿನದು ಮಳೆಯನ್ನು ತಳ್ಳಲಿ, ಒಳಗಿನದು ಉಳಿದದ್ದನ್ನು ತಡೆಯಲಿ. ರಬ್ಬರು ಲೋಹವನ್ನು ಅಗಲವಾದ ಪಟ್ಟಿಯಲ್ಲಿ ಅಪ್ಪುವುದರ ಬದಲು ತೆಳುವಾದ ತುಟಿಯಲ್ಲಿ ಮುಟ್ಟಲಿ: ಅಂಟುವ ಜಾಗ 3 ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿಗೆ ಇಳಿದರೆ ಮೇಲಿನ ಲೆಕ್ಕದ 900 ನ್ಯೂಟನ್ 150ಕ್ಕೆ ಇಳಿಯುತ್ತದೆ, ಅದೂ ಇಡೀ ಅಂಚನ್ನು ಒಮ್ಮೆಲೇ ಬಿಡಿಸಿದರೆ. ಮತ್ತು ಕೈಯಿಂದ ತೆರೆಯುವ ದಾರಿಯೊಂದು ಸದಾ ಇರಲಿ. ಈ ಕೊನೆಯ ಮಾತಿಗೆ ಈಗ ಕಾನೂನಿನ ಬಲವೂ ಬರುತ್ತಿದೆ. ಅಪಘಾತದ ನಂತರ ವಿದ್ಯುತ್ ಹೋಗಿ ಬಾಗಿಲು ತೆರೆಯದ ಭಯದಿಂದ ಚೀನಾ 2025ರ ಸೆಪ್ಟೆಂಬರಿನಲ್ಲಿ ಕರಡು ನಿಯಮ ಹೊರಡಿಸಿತು. ಬಾಗಿಲಿಗೆ ಯಾಂತ್ರಿಕ ಬಿಡುಗಡೆ ಕಡ್ಡಾಯ, ಜಾರಿ 2027ರ ಜನವರಿ 1ರಿಂದ. ಅಪಘಾತಕ್ಕಾಗಿ ಮಾಡಿದ ನಿಯಮ ಹಿಮಕ್ಕೂ ಉಪಕಾರಿ.

ದ್ರಾಕ್ಷಿಯ ಗಾಡಿ ಹೇಳುವುದು

ಈ ವಾದದ ಬಲವಾದ ಸಾಕ್ಷಿ ಶೀತಲ ಗಾಡಿಯೊಳಗೇ ಇದೆ. 1938ರಲ್ಲಿ ಜೋಸೆಫ್ ನ್ಯೂಮೆರೊ ಮತ್ತು ಫ್ರೆಡರಿಕ್ ಜೋನ್ಸ್ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಶುರುಮಾಡಿದ ಥರ್ಮೋ ಕಿಂಗ್ ಕಂಪನಿಯ ಕಾಲದಿಂದಲೂ ಈ ಗಾಡಿಗಳು ದಿನವೂ ಹೆಪ್ಪಿನೊಂದಿಗೆ ಬಾಳುತ್ತಿವೆ. ದ್ರಾಕ್ಷಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಒಯ್ಯುತ್ತಾರೆ. ಅದಕ್ಕಾಗಿ ತಣಿಸುವ ಸುರುಳಿ ಸೊನ್ನೆಗಿಂತ ಕೆಳಗಿರಬೇಕು, ಹಾಗಾಗಿ ಅದರ ಮೇಲೆ ಹಿಮ ಕೂರುತ್ತದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸೊನ್ನೆಗೆ ತಣಿದರೆ, ಶೇ. 30 ತೇವವಿರುವ ಜತ್ತದ ಒಣ ಮಧ್ಯಾಹ್ನದಲ್ಲಿ ಸುಮಾರು 4 ಗ್ರಾಂ, ಶೇ. 70 ತೇವವಿರುವ ಮುಂಬೈ ಬಂದರಿನ ಬಳಿ ಸುಮಾರು 16 ಗ್ರಾಂ ನೀರು ಬಿಡುತ್ತದೆ. ಬಾಗಿಲು ತೆರೆದಷ್ಟು ಹೊತ್ತೂ ಈ ನೀರು ಒಳಗೆ ಸೇರುತ್ತದೆ.

ಹಿಮ ಕರಗಿಸುವ ಹೊತ್ತಿಗೆ ಗಾಡಿಯ ಫ್ಯಾನು ನಿಲ್ಲುತ್ತದೆ ಅಥವಾ ಗಾಳಿತಡೆಯ ಫ್ಲ್ಯಾಪ್ ಮುಚ್ಚುತ್ತದೆ, ಸುರುಳಿ ಬಿಸಿಯಾಗುತ್ತದೆ. ಆ ಫ್ಲ್ಯಾಪ್ ಹೆಪ್ಪಿಗೆ ಸಿಕ್ಕಿ ತೆರೆದೇ ಉಳಿದರೆ ಬಿಸಿ ತೇವದ ಗಾಳಿ ಹಣ್ಣಿನ ಮೇಲೆ ಬೀಳುತ್ತದೆ. ಮುಚ್ಚಿಯೇ ಉಳಿದರೆ ಯಂತ್ರ ಗುಂಯ್‌ಗುಡುತ್ತಿದ್ದರೂ ತಂಪು ಪೆಟ್ಟಿಗೆಗಳನ್ನು ಮುಟ್ಟುವುದಿಲ್ಲ. ಇಷ್ಟು ವರ್ಷಗಳಲ್ಲಿ ಈ ಉದ್ಯಮ ಕಂಡುಕೊಂಡ ಪರಿಹಾರ ಬರಿಯ ಶಾಖವಲ್ಲ. ಸುರುಳಿಯ ಕೆಳಗೆ ಇಳಿಜಾರಿನ ತಟ್ಟೆ, ಅಲ್ಲಿಂದ ಹೊರಗೆ ಪೈಪು, ಪೈಪಿನ ತುದಿಯಲ್ಲಿ ಬಾತುಕೋಳಿಯ ಕೊಕ್ಕಿನಾಕಾರದ ರಬ್ಬರ್ ತುಟಿ. ನೀರಿನ ತೂಕಕ್ಕೆ ಆ ತುಟಿ ತೆರೆಯುತ್ತದೆ, ಹೊರಗಿನ ಗಾಳಿಗೆ ಮುಚ್ಚುತ್ತದೆ. ಅದರಲ್ಲಿ ಮೋಟಾರಿಲ್ಲ, ಹಿಂಜಿಲ್ಲ. ಕೆಡುವುದು ಮುಖ್ಯವಾಗಿ ಕಸ ಕೂತಾಗ. ಹೆಪ್ಪಿನ ಜೊತೆ ನಿತ್ಯ ಹೆಣಗುವವರು ಕೊನೆಗೆ ಬಸಿದಾರಿಗೆ ಬಂದು ನಿಂತಿರುವುದು ನನ್ನ ಕಣ್ಣಿಗೆ ಆಕಸ್ಮಿಕವಲ್ಲ.

ಒಣ ಚಳಿ, ಒದ್ದೆ ಚಳಿ

ಬೆಂಗಳೂರಿನಲ್ಲಿ ರೂಪುಗೊಂಡ ಯಂತ್ರಗಳು ಚಳಿಯ ಪರೀಕ್ಷೆ ಗೆದ್ದ ದಾಖಲೆ ನಮ್ಮಲ್ಲಿದೆ. 2015ರ ಆರಂಭದಲ್ಲಿ ತೇಜಸ್ ಯುದ್ಧವಿಮಾನವನ್ನು ಲೇಹ್‌ನಲ್ಲಿ ರಾತ್ರಿಯಿಡೀ ಚಳಿಗೆ ನಿಲ್ಲಿಸಿ, ಮೈನಸ್ 15 ಡಿಗ್ರಿಯ ಸುಮಾರಿನಲ್ಲಿ ಹೊರಗಿನ ನೆರವಿಲ್ಲದೆ ಚಾಲೂ ಮಾಡಿದರು. ಅದೇ ಚಳಿಗಾಲದಲ್ಲಿ ಎಚ್‌ಎಎಲ್‌ನ ಹಗುರ ಯುದ್ಧ ಹೆಲಿಕಾಪ್ಟರಿನ ಎಂಜಿನ್ ಮೈನಸ್ 18ರಲ್ಲಿ, 4.1 ಕಿಲೋಮೀಟರ್ ಎತ್ತರದಲ್ಲಿ ತನ್ನದೇ ಬ್ಯಾಟರಿಯಿಂದ ಚಾಲೂ ಆಯಿತು. ಈ ಸಾಧನೆಗಳಿಗೆ ಪೂರ್ಣ ಗೌರವ ಸಲ್ಲಬೇಕು. ಆದರೆ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಸೇರಿ ಸುಮಾರು 100 ಮಿಲಿಮೀಟರ್. ಅದು ಒಣ ಚಳಿ: ಗ್ರೀಸು, ರಬ್ಬರು, ಬ್ಯಾಟರಿಗಳ ಪರೀಕ್ಷೆ. ಮುಚ್ಚಳಕ್ಕೆ ಅದಕ್ಕಿಂತ ಕಷ್ಟದ್ದು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಸೋನ್‌ಮರ್ಗ್, ಮನಾಲಿಯಂಥ ಜಾಗಗಳ ಮೈನಸ್ 2 ಡಿಗ್ರಿ. ಕಾರು ಮಾರುವವರು ಹೇಳುವ ಕನಿಷ್ಠ ಉಷ್ಣಾಂಶದ ಅಂಕಿ ಮುಚ್ಚಳದ ವಿಷಯದಲ್ಲಿ ಬಹಳ ಕಡಿಮೆ ಹೇಳುತ್ತದೆ. ಇದನ್ನು ಅರಿತ ಪರೀಕ್ಷೆಗಳೂ ಇವೆ: ಐಇಸಿ 60068-2-38 ಸರಣಿ ತೇವದ ಸೆಕೆಯ ನಡುವೆ ಮೈನಸ್ 10ಕ್ಕೆ ಇಳಿಸುತ್ತದೆ, ಅಮೆರಿಕದ ಸೇನಾ ಮಾನದಂಡ 810ರ 521ನೇ ವಿಧಾನ 6 ಮಿಲಿಮೀಟರಿನಿಂದ 75 ಮಿಲಿಮೀಟರಿನವರೆಗೆ ಗಾಜಿನಂಥ ಹೆಪ್ಪು ಕಟ್ಟಿಸಿ ನೋಡುತ್ತದೆ.

ಎದುರಾಗುವ ಆಕ್ಷೇಪಗಳು

ಸಂದಿ ಅಗಲವಾದರೆ ಧೂಳು ನುಗ್ಗುವುದಿಲ್ಲವೇ ಎಂಬುದು ನಮ್ಮ ಸೀಮೆಯ ಸಹಜ ಪ್ರಶ್ನೆ. ನುಗ್ಗುತ್ತದೆ, ಆದರೆ ಹೊರಕೋಣೆಗೆ ಮಾತ್ರ. ಒಳ ಅಂಚು ಅದನ್ನು ತಡೆಯಬೇಕು. ಧೂಳಿನ ನಿಜವಾದ ಅಪಾಯ ಬಸಿತೂತನ್ನು ಮುಚ್ಚಿಬಿಡುವುದು. ಒದ್ದೆಯಾದ ಎರೆಮಣ್ಣು ಹಿಗ್ಗಿ, ಒಣಗಿ ಬಿರ್ರನೆ ಬಿಗಿಯುತ್ತದೆ. ಹಾಗಾಗಿ ನಮ್ಮಲ್ಲಿ ತೂತು ಇನ್ನೂ ದೊಡ್ಡದಿರಬೇಕು, ಕಡ್ಡಿ ಹಾಕಿ ಬಿಡಿಸುವಂತೆ ಕಣ್ಣಿಗೆ ಕಾಣುವ ಜಾಗದಲ್ಲಿರಬೇಕು. ಗಾಳಿಯ ಎಳೆತ ಹೆಚ್ಚುತ್ತದೆ ಎಂಬುದು ಎರಡನೆಯ ಆಕ್ಷೇಪ. ಹಿಡಿಕೆಯಿಂದ ಆಗುವ ಎಳೆತ ಇಡೀ ಕಾರಿನ ಎಳೆತದಲ್ಲಿ ಸಣ್ಣ ಪಾಲು. ತೆರೆಯದ ಬಾಗಿಲಿನೆದುರು ಅದು ಹಗುರವಾದ ಬೆಲೆ. ಫೋನಿನಿಂದಲೇ ಕಾರನ್ನು ಮೊದಲು ಬೆಚ್ಚಗೆ ಮಾಡಬಹುದಲ್ಲ ಎನ್ನುವವರು ನೆಟ್‌ವರ್ಕ್ ಮತ್ತು ಬ್ಯಾಟರಿ ಎರಡೂ ಜೀವಂತ ಇರುತ್ತವೆಂದು ನಂಬಿದ್ದಾರೆ. ಹಿಮದ ಘಾಟಿಯಲ್ಲಿ ಆ ನಂಬಿಕೆ ಸಲ್ಲದು. ಇನ್ನು, ಹಿಮವಿರುವ ಜಿಲ್ಲೆಗಳಲ್ಲಿ ಮಾರಾಟವೇ ಕಡಿಮೆ, ಖರ್ಚೇಕೆ ಎಂಬ ಮಾತು. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖಿಗೆಂದೇ ಮೈನಸ್ 33ರಲ್ಲೂ ಹರಿಯುವ ಡೀಸೆಲ್ ತಂದಿತು. ಇಂಧನಕ್ಕೆ ಒಪ್ಪಿದ ನ್ಯಾಯ ಮುಚ್ಚಳಕ್ಕೂ ಒಪ್ಪಬೇಕು. ಅಲ್ಲದೆ ನೀರು ನಿಲ್ಲದ ಮುಚ್ಚಳ ಮಲೆನಾಡಿನಲ್ಲಿ ತುಕ್ಕು ಹಿಡಿಯುವುದಿಲ್ಲ, ಜತ್ತದಲ್ಲಿ ಮಣ್ಣು ಮೆತ್ತಿ ಬಿಗಿಯುವುದಿಲ್ಲ.

ಇನ್ನೂ ಬಗೆಹರಿಯದ್ದು

ಬೆರಳಿಗೂ ಹೆಪ್ಪಿಗೂ ವ್ಯತ್ಯಾಸ ತಿಳಿಯುವ ಮೋಟಾರನ್ನು ಯಾವ ಅಳತೆಯ ಮೇಲೆ ಕಟ್ಟಬೇಕು ಎಂಬುದರ ಬಗ್ಗೆ ಒಮ್ಮತವಿಲ್ಲ. ಅಂಟದ ಲೇಪಗಳು ಹತ್ತು ವರ್ಷದ ರಸ್ತೆಬಾಳಿನಲ್ಲಿ ಹೇಗಿರುತ್ತವೆ ಎಂಬುದಕ್ಕೆ ಪ್ರಯೋಗಾಲಯದ ಉತ್ತರಗಳು ಸಾಲವು. ರೇಡಿಯೇಟರ್ ಮುಂದಿನ ಪಟ್ಟಿಗಳು ಕೆಟ್ಟರೆ ತೆರೆದ ಸ್ಥಿತಿಗೆ ಬರಬೇಕು ಎಂಬುದನ್ನು ಎಂಜಿನ್ ಕಾಯುವವರು ಒಪ್ಪುತ್ತಾರೆ. ಚಾರ್ಜಿಂಗ್ ಮುಚ್ಚಳ ಕೆಟ್ಟರೆ ತೆರೆದಿರಬೇಕೋ ಮುಚ್ಚಿರಬೇಕೋ ಎಂಬಲ್ಲಿ ವಾದ ಮುಂದುವರಿದಿದೆ. ನನ್ನ ಮತ ತೆರೆದಿರಬೇಕು ಎಂಬುದು, ಒಳಗಿನ ಕನೆಕ್ಟರಿಗೆ ತನ್ನದೇ ಬಸಿದಾರಿಯೂ ರಕ್ಷಣೆಯೂ ಇದ್ದರೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪರೀಕ್ಷೆಯ ಕ್ರಮದ್ದು. ಭಾರತದ ವಾಹನ ಮೊದಲು ಧೂಳು ಕುಡಿಯುತ್ತದೆ, ಆಮೇಲೆ ಮಳೆ ನೆನೆಯುತ್ತದೆ, ಆಮೇಲೆ ಚಳಿಗೆ ಹೋಗುತ್ತದೆ. ಧೂಳಿಗೊಂದು, ನೀರಿಗೊಂದು, ಚಳಿಗೊಂದು ಹೊಸ ಮಾದರಿ ಇಟ್ಟು ಬೇರೆ ಬೇರೆ ಪರೀಕ್ಷಿಸಿದರೆ ಬಸಿತೂತು ಮುಚ್ಚಿಹೋಗುವ ಸಂಗತಿ ಬೆಳಕಿಗೇ ಬಾರದು. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಮತ್ತು ವಾಹನ ತಯಾರಕರು ಮೂರನ್ನೂ ಅದೇ ಕ್ರಮದಲ್ಲಿ ಒಂದೇ ಮುಚ್ಚಳದ ಮೇಲೆ ನಡೆಸಿ ಫಲಿತಾಂಶ ಪ್ರಕಟಿಸಬೇಕು. ಅಲ್ಲಿಯವರೆಗೆ ಕಾರು ಕೊಳ್ಳುವವರು ಶೋರೂಮಿನಲ್ಲೇ ಒಂದು ಚೊಂಬು ನೀರನ್ನು ಚಾರ್ಜಿಂಗ್ ಮುಚ್ಚಳದ ಮೇಲೆ ಸುರಿಯಲಿ, ಮುಚ್ಚಳ ತೆರೆದು ನೀರು ಎಲ್ಲಿ ನಿಂತಿದೆ ಎಂದು ಬೆರಳಿಟ್ಟು ನೋಡಲಿ, ಕರೆಂಟಿಲ್ಲದಾಗ ಅದನ್ನು ಕೈಯಿಂದ ತೆಗೆಯುವುದು ಹೇಗೆಂದು ಕೇಳಲಿ.